ಬಿಕ್ಕಲಂ

ಹಳೆಯ ಕ್ರಯಪತ್ರಗಳನ್ನು ಕಂಡವರಿಗೆ ‘ಬಿಕ್ಕಲಂ’ ಎಂಬ ಪದ ಹೊಸದಲ್ಲ. ಬರೆದುಕೊಟ್ಟವರ ರುಜು, ಸಾಕ್ಷಿಗಳ ರುಜು ಎಲ್ಲವೂ ಮುಗಿದ ಮೇಲೆ ಪತ್ರವನ್ನು ಬರೆದಾತನು ತನ್ನ ಹೆಸರು ಹಾಕುವ ಸ್ಥಳವದು. ಕಚೇರಿಯ ಜಗುಲಿಯಲ್ಲಿ ಕುಳಿತ ಆ ಬರಹಗಾರನಿಗೆ ಆಸ್ತಿಯಲ್ಲಿ ಪಾಲಿಲ್ಲ, ವ್ಯಾಜ್ಯದಲ್ಲಿ ಪಕ್ಷವಿಲ್ಲ. ಕೂಲಿ ಪಡೆದು ಬರೆದವನು, ಅಷ್ಟೆ. ಆದರೂ ‘ಇದನ್ನು ಬರೆದವನು ನಾನು’ ಎಂದು ಒಪ್ಪಿಕೊಳ್ಳುವುದು ಅವನ ವೃತ್ತಿಧರ್ಮ. ಆ ಒಂದು ಪದದಲ್ಲಿ ಎಷ್ಟು ವಿವೇಕ ಅಡಗಿದೆಯೆಂಬುದನ್ನು ನಾನು ಮನಗಂಡದ್ದು, ನಮ್ಮ ಅಕ್ಕನ ಮಗಳು ಕೆನಡಾ ದೇಶಕ್ಕೆ ಓದಲು ಹೊರಟಾಗ.

ಅಲ್ಲಿಯ ಸರ್ಕಾರಿ ವಿಶ್ವವಿದ್ಯಾನಿಲಯವೊಂದರಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಅವಳಿಗೆ ಸ್ಥಳ ದೊರೆತಿತ್ತು. ಉಳಿದದ್ದು ‘ಸ್ಟಡಿ ಪರ್ಮಿಟ್’. ಅರ್ಜಿಯ ನಮೂನೆ, ಸೂಚನೆ ಎಲ್ಲವನ್ನೂ ಆ ಸರ್ಕಾರವು ತನ್ನ ಜಾಲತಾಣದಲ್ಲಿ ಪುಕ್ಕಟೆಯಾಗಿಯೇ ಇಟ್ಟಿದೆ. ಓದಿ ತಿಳಿಯಬಲ್ಲವರು ತಾವೇ ತುಂಬಬಹುದು. ಆದರೆ ನಿಯಮಗಳು ನಿಂತಲ್ಲಿ ನಿಲ್ಲುವುದಿಲ್ಲ. ಒಬ್ಬ ವಿದ್ಯಾರ್ಥಿಯು ಶುಲ್ಕ, ಪ್ರಯಾಣಗಳ ವೆಚ್ಚವಲ್ಲದೆ ಒಂದು ವರ್ಷದ ಜೀವನಕ್ಕೆಂದು ತೋರಿಸಬೇಕಾದ ಹಣ 2023ರವರೆಗೆ 10,000 ಡಾಲರು. 2024ರ ಜನವರಿಯಿಂದ 20,635. 2025ರ ಸೆಪ್ಟೆಂಬರಿನಿಂದ 22,895. ಪ್ರಾಂತ್ಯದ ದೃಢೀಕರಣ ಪತ್ರವೆಂಬುದು 2024ರಲ್ಲಿ ಹುಟ್ಟಿತು; ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಆ ವರ್ಷ ಅದು ಬೇಡವಾಗಿತ್ತು, 2025ರಲ್ಲಿ ಬೇಕಾಯಿತು, 2026ರ ಜನವರಿಯಿಂದ ಸರ್ಕಾರಿ ಸಂಸ್ಥೆಗಳಲ್ಲಿ ಓದುವವರಿಗೆ ಮತ್ತೆ ಬೇಡವಾಯಿತು. ನಿವೃತ್ತಿಯ ಹಣವನ್ನೆಲ್ಲ ಮಗಳ ಓದಿಗೆ ಎತ್ತಿಟ್ಟಿದ್ದ ನಮ್ಮ ಭಾವನವರು, “ಬಲ್ಲವರನ್ನು ಹಿಡಿಯೋಣ” ಎಂದುದರಲ್ಲಿ ತಪ್ಪೇನೂ ಇರಲಿಲ್ಲ.

ಬೆಂಗಳೂರಿನಲ್ಲಿ ಅಂಥ ಕಚೇರಿಗಳಿಗೆ ಬರವಿಲ್ಲ. ಮೊದಲು ಹೋದೆಡೆ ಮೇಜಿನ ಮೇಲೆ ಪುಟ್ಟ ಬಾವುಟಗಳು, ಗೋಡೆಯ ಮೇಲೆ ವಿಮಾನದ ಚಿತ್ರ. ಅಲ್ಲಿದ್ದ ಮಹಾಶಯರು ಹುಡುಗಿಯ ಕಾಗದಪತ್ರಗಳನ್ನು ತಿರುವಿಹಾಕಿ ಒಂದೆಡೆ ಬೆರಳಿಟ್ಟರು. ಪದವಿಯ ಬಳಿಕ ಒಂದು ವರ್ಷ ಬರಿದಾಗಿತ್ತು. ಅಕ್ಕ ಹಾಸಿಗೆ ಹಿಡಿದಿದ್ದ ವರ್ಷ ಅದು. ಮಗಳು ಕೈಗೆ ಬಂದ ಕೆಲಸವನ್ನು ಬಿಟ್ಟು ತಾಯಿಯ ಬಳಿ ನಿಂತಿದ್ದಳು.

“ಯೋಚಿಸಬೇಡಿ ಸಾರ್, ಆ ವರ್ಷಕ್ಕೆ ಒಂದು ಅನುಭವ ಪತ್ರ ಮಾಡಿಸೋಣ. ಪರ್ಮಿಟ್ ಖಂಡಿತ” ಎಂದರು ಅವರು.

ಭಾವನವರು ತಲೆದೂಗುವುದರಲ್ಲಿದ್ದರು. ಹುಡುಗಿ ಮೆಲ್ಲನೆ ಕೇಳಿದಳು: “ಅರ್ಜಿಯಲ್ಲಿ ಪ್ರತಿನಿಧಿ ಎಂಬ ಕಡೆ ನಿಮ್ಮ ಹೆಸರು ಹಾಕುತ್ತೀರಲ್ಲವೆ?”

“ಅದೇಕಮ್ಮ? ನೀವೇ ತುಂಬಿದಂತಿರಲಿ.”

ಹಣ ಪಡೆಯುವ ಕೈ ಅವರದು. ಬಿಕ್ಕಲಂ ಮಾತ್ರ ಬೇಡ! ನಾವು ನಮಸ್ಕಾರ ಹೇಳಿ ಎದ್ದೆವು.

ಆ ಪ್ರಶ್ನೆ ಅವಳಿಗೆ ಸುಮ್ಮನೆ ಹೊಳೆದದ್ದಲ್ಲ. ಸೂಚನೆಗಳನ್ನು ಓದಿಕೊಂಡೇ ಬಂದಿದ್ದಳು. ಕೆನಡಾದ ಕಾನೂನಿನಂತೆ ಹಣ ಪಡೆದು ಪರ್ಮಿಟ್ಟಿನ ವಿಷಯದಲ್ಲಿ ಸಲಹೆ ಕೊಡುವವರು ಅಲ್ಲಿಯ ವಕೀಲರ ಸಂಘದ ಅಥವಾ ಕ್ವಿಬೆಕ್ ಪ್ರಾಂತ್ಯದ ನೋಟರಿಗಳ ಸಂಘದ ಸದಸ್ಯರಾಗಿರಬೇಕು. ಇಲ್ಲವೆ ‘ಕಾಲೇಜ್ ಆಫ್ ಇಮಿಗ್ರೇಷನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್’ ಎಂಬ ಸಂಸ್ಥೆಯ ಪರವಾನಗಿ ಹೊಂದಿರಬೇಕು. 2021ರ ನವೆಂಬರಿನಲ್ಲಿ ಕಾರ್ಯಾರಂಭ ಮಾಡಿದ ಇದು ಹೆಸರಿಗೆ ಕಾಲೇಜು. ಪಾಠ ಹೇಳುವುದಲ್ಲ, ಸಲಹೆಗಾರರನ್ನು ಅಂಕೆಯಲ್ಲಿಡುವುದು ಅದರ ಕೆಲಸ. ಪರವಾನಗಿ ಇದ್ದವರ ಹೆಸರುಗಳನ್ನು ಅದರ ಪಟ್ಟಿಯಲ್ಲಿ ಯಾರು ಬೇಕಾದರೂ ನೋಡಬಹುದು. ಅಂಥವರನ್ನು ನೇಮಿಸಿಕೊಂಡ ಅರ್ಜಿದಾರರು 5476ನೆಯ ನಮೂನೆಯಲ್ಲಿ ಅವರ ಹೆಸರನ್ನು ತಿಳಿಸಬೇಕು.

ಹೆಸರು ಹೇಳದವರ ಕೈಬರಹ ಯಾರ ತಲೆಗೆ ಬರುತ್ತದೆಂಬುದನ್ನು 2023ರಲ್ಲಿ ದೇಶವೇ ಕಂಡಿತು. ಹೆಚ್ಚಾಗಿ ಪಂಜಾಬಿನ ಹಲವು ವಿದ್ಯಾರ್ಥಿಗಳು ಕೆನಡಾಕ್ಕೆ ಹೋಗಿ, ಓದಿ, ದುಡಿದು, ಕಾಯಂ ನಿವಾಸಕ್ಕೆ ಅರ್ಜಿ ಹಾಕಿದಾಗ, ಏಜೆಂಟನು ಕೊಟ್ಟಿದ್ದ ಪ್ರವೇಶಪತ್ರಗಳೇ ಖೋಟಾ ಎಂಬುದು ಬಯಲಾಯಿತು. ಗಡೀಪಾರಿನ ಭೀತಿ ಮಕ್ಕಳಿಗೆ ಎದುರಾಯಿತು. ಪ್ರತಿಯೊಬ್ಬರ ಪ್ರಕರಣವನ್ನೂ ಬೇರೆಬೇರೆಯಾಗಿ ಪರಿಶೀಲಿಸಲು ಅಲ್ಲಿಯ ಸರ್ಕಾರ ಒಪ್ಪಿತು. 2024ರಲ್ಲಿ ಆ ಏಜೆಂಟನಿಗೆ ಮೂರು ವರ್ಷಗಳ ಸೆರೆವಾಸವೂ ಆಯಿತು. 2023ರ ಡಿಸೆಂಬರಿನಿಂದ ಪ್ರತಿ ಪ್ರವೇಶಪತ್ರವನ್ನೂ ವಿದ್ಯಾಸಂಸ್ಥೆಯೇ ದೃಢಪಡಿಸಬೇಕೆಂಬ ನಿಯಮ ಬಂದಿದೆ. ಆದರೆ ಆ ಮಕ್ಕಳು ನಿದ್ರೆಯಿಲ್ಲದೆ ಕಳೆದ ರಾತ್ರಿಗಳನ್ನು ಯಾವ ನ್ಯಾಯಾಲಯ ಹಿಂದಕ್ಕೆ ಕೊಟ್ಟೀತು? ಅರ್ಜಿಯಲ್ಲಿ ಸುಳ್ಳು ಕಂಡುಬಂದರೆ ಐದು ವರ್ಷ ಆ ದೇಶದ ಬಾಗಿಲು ಮುಚ್ಚುತ್ತದೆ. ಬರೆದವರು ಬೇರೆ ಎಂದರೂ ಹೊಣೆ ಅರ್ಜಿದಾರನದೇ.

ಎರಡನೆಯ ಬಾರಿ ನಾವು ಕಂಡವರು ಪರವಾನಗಿ ಪಡೆದ ಮಹಿಳೆಯೊಬ್ಬರು. ಮೊದಲಿಗೇ ತಮ್ಮ ಪರವಾನಗಿಯ ಸಂಖ್ಯೆ ಕೊಟ್ಟು, “ಪಟ್ಟಿಯಲ್ಲಿ ನೋಡಿಕೊಂಡು ಬಳಿಕ ಮಾತನಾಡಿ” ಎಂದರು. “ಪರ್ಮಿಟ್ ಕೊಡುವವಳು ನಾನಲ್ಲ, ನನ್ನ ಹೆಸರಿದ್ದ ಮಾತ್ರಕ್ಕೆ ಅಧಿಕಾರಿ ನಿಮ್ಮ ಅರ್ಜಿಗೆ ವಿಶೇಷ ದೃಷ್ಟಿ ಬೀರುವುದೂ ಇಲ್ಲ” ಎಂದರು. ಬರಿದಾದ ವರ್ಷದ ಸಂಗತಿ ಬಂತು. ಭಾವನವರು ತಡವರಿಸುತ್ತ, “ಅದನ್ನು ಹೇಗಾದರೂ ಮುಚ್ಚಬಹುದೆ?” ಎಂದು ಕೇಳಿದರು.

ಆಕೆ ಕನ್ನಡಕ ತೆಗೆದಿಟ್ಟರು. “ತಾಯಿಯ ಶುಶ್ರೂಷೆ ಮಾಡಿದ್ದನ್ನು ಮುಚ್ಚುವುದೇಕೆ, ಸ್ವಾಮಿ? ಇದ್ದುದನ್ನು ಇದ್ದಂತೆಯೇ ಬರೆಯಲಿ. ಆಸ್ಪತ್ರೆಯ ಕಾಗದಗಳನ್ನು ಜೊತೆಗಿಡೋಣ.”

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ತನ್ನಿಂದ ಮಗಳ ಒಂದು ವರ್ಷ ಹಾಳಾಯಿತೆಂಬ ಕೊರಗು ಅವಳ ಎದೆಯಲ್ಲಿ ಎಷ್ಟು ಕಾಲದಿಂದ ಇತ್ತೋ! ಮೊದಲ ಕಚೇರಿಯಲ್ಲಿ ಅಳಿಸಿಹಾಕಲು ಹೊರಟ ವರ್ಷ ಇಲ್ಲಿ ಗೌರವದಿಂದ ಕಾಗದಕ್ಕೆ ಇಳಿಯಿತು.

ವಿವರಣಾ ಪತ್ರವನ್ನು ಹುಡುಗಿಯೇ ಬರೆದಳು, ಆಕೆ ತಿದ್ದಿದರು. ಕಳುಹಿಸುವ ಮುನ್ನ ಪ್ರತಿಯೊಂದು ಹಾಳೆಯನ್ನೂ ಅವಳಿಗೆ ಓದಿಸಿದರು. ಪಡೆದ ಹಣಕ್ಕೆ ರಸೀದಿ ಕೊಟ್ಟರು.

ನಾನು ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. ಭಾವನವರು ದಿನಕ್ಕೆ ಹತ್ತು ಸಲ ಮಗಳ ಫೋನಿನತ್ತ ನೋಡುತ್ತಾರೆ. “ಬರದಿದ್ದರೆ?” ಎಂದು ನಾನೊಮ್ಮೆ ಕೇಳಿದೆ. “ಬರದಿದ್ದರೆ ಕಾರಣ ತಿಳಿದು ಮತ್ತೆ ಹಾಕುತ್ತೇನೆ, ಮಾವ. ಬರೆದದ್ದೆಲ್ಲ ನಿಜವೇ ಅಲ್ಲವೆ?” ಎಂದಳು ಹುಡುಗಿ.

ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಲು ಹೊರಟ ತಂದೆತಾಯಿಗಳು ತಿಳಿದವರ ನೆರವನ್ನು ಧಾರಾಳವಾಗಿ ಪಡೆಯಲಿ. ವಿದ್ಯೆಗೆ ಬೆಲೆ ಕೊಡುವುದು ನ್ಯಾಯವೇ. ಆದರೆ ಹಣ ಎಣಿಸಿ ಕೊಡುವ ಮುನ್ನ ಒಂದು ಮಾತು ಕೇಳಲಿ: “ಬಿಕ್ಕಲಂ ಹಾಕುತ್ತೀರಾ?”