ಸಂಡೂರಿನ ಅರಮನೆ ಯಾರದ್ದು?

ಸಂಡೂರು ನೋಡೋಕೆ ಬಂದ ಗೆಳೆಯರೆಲ್ಲ ಶಿವವಿಲಾಸ ಅರಮನೆ ಮುಂದೆ ನಿಂತು ಕೇಳೋದು ಒಂದೇ, ‘ಈಗ ಇದು ಯಾರದ್ದು?’

18ನೇ ಶತಮಾನದಲ್ಲಿ ಬೇಡ ಪಾಳೆಯಗಾರರಿಂದ ಘೋರ್ಪಡೆಯವರ ಕೈಗೆ ಬಂದ ಸಂಡೂರು, ನಡುವೆ ಹೈದರ್, ಟಿಪ್ಪು ವಶವಾಗಿ, ಮತ್ತೆ ಘೋರ್ಪಡೆಯವರಿಗೇ ಮರಳಿತು. 1949ರಲ್ಲಿ ಸಂಸ್ಥಾನ ಮದ್ರಾಸಿನಲ್ಲಿ ವಿಲೀನವಾಯ್ತು. 1953ರಲ್ಲಿ ಮೈಸೂರಿಗೆ ಸೇರಿತು. ರಾಜ್ಯ ಹೋದರೂ ಅರಮನೆ ಮನೆತನದಲ್ಲೇ ಉಳಿಯಿತು. ಈಗದು ಹೆರಿಟೇಜ್ ಹೋಟೆಲ್. ದುಡ್ಡು ಕೊಟ್ಟರೆ ಯಾರು ಬೇಕಾದ್ರೂ ಒಂದು ರಾತ್ರಿ ಉಳೀಬಹುದು.

ನಮ್ಮ ಮುತ್ತಜ್ಜ ಮಾತ್ರ ಇದೇ ಸಂಡೂರಿನ ಕುಮಾರಸ್ವಾಮಿ ಗುಡಿಯ ಹೊರಗೇ ನಿಂತು ಕೈಮುಗೀತಿದ್ದವರು. ದೊರೆ ಯಶವಂತರಾವ್ ಘೋರ್ಪಡೆ ಆ ಗುಡಿಯನ್ನು ದಲಿತರಿಗೆ ತೆರೆದದ್ದು ತಿರುವಾಂಕೂರಿನ 1936ರ ಘೋಷಣೆಗೂ ಮುಂಚೆ. ಅದಕ್ಕೇ ನಮ್ಮ ಮನೇಲಿ ಘೋರ್ಪಡೆ ಅಂದ್ರೆ ಮೊದಲು ನೆನಪಾಗೋದು ಅರಮನೆಯಲ್ಲ, ಗುಡಿಯ ಆ ಬಾಗಿಲು.