ಹಿಡಿಯುವ ಮಣಿ, ಬಿಡುವ ಮಣಿ

ಬೆಂಗಳೂರಿನ ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶವನ್ನು ಲೇತು, ಮಿಲ್ಲಿಂಗ್ ಯಂತ್ರಗಳ ಕಾಲದಿಂದ ಬಲ್ಲವರಿಗೆ ಈ ಭಾಗ ಹೇಗೆ ಬದಲಾಯಿತೆಂದು ಹೇಳಬೇಕಾಗಿಲ್ಲ. ರಿಂಗ್ ರೋಡು ಬಂತು, ಗಾಜಿನ ಕಟ್ಟಡಗಳು ಎದ್ದವು. ಗ್ರ್ಯಾಫೈಟ್ ಇಂಡಿಯಾ ಕಾರ್ಖಾನೆ 2019ರಲ್ಲಿ ಮುಚ್ಚಿತು, ಅದರ ಹೆಸರು ಸಿಗ್ನಲ್ಲಿಗೆ ಉಳಿಯಿತು. ಇದೇ ಅವಧಿಯಲ್ಲಿ ಅಷ್ಟಾಗಿ ಕಣ್ಣಿಗೆ ಬೀಳದೆ ಬೆಳೆದದ್ದು ಪ್ರೋಟೀನು, ಪೆಪ್ಟೈಡುಗಳನ್ನು ಶುದ್ಧಮಾಡುವ ಕಸುಬು. ಪಕ್ಕದ ವೈಟ್‌ಫೀಲ್ಡಿನಲ್ಲಿ ಜಿಇ ಕಂಪನಿ 2000ರಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. 2004ರಲ್ಲಿ ಅಮರ್‌ಶಾಮ್ ಕಂಪನಿಯನ್ನು ಕೊಂಡಾಗ ಪ್ರೋಟೀನು ಶುದ್ಧಮಾಡಲು ಬಳಸುವ, ಸ್ವೀಡನ್ನಿನ ಸೆಫರೋಸ್ ಮಣಿಗಳ ವ್ಯವಹಾರವೂ ಅದರ ಕೈಸೇರಿತು. 2020ರಲ್ಲಿ ಆ ವ್ಯವಹಾರ ಡ್ಯಾನಹರ್‌ಗೆ ಹೋಗಿ ಸೈಟಿವಾ ಆಯಿತು. ಮಾಲೀಕರು ಬದಲಾದರು, ನಾವು ಮಾತ್ರ ಹೆಚ್ಚಾಗಿ ಮಣಿ ಕೊಳ್ಳುವವರಾಗಿಯೇ ಉಳಿದೆವು. ಅದನ್ನು ವಿನ್ಯಾಸ ಮಾಡುವವರೂ ನಾವೇ ಆಗಬೇಕೆಂಬುದು ನನ್ನ ವಾದ.

ಪೆಪ್ಟೈಡ್ ಕಟ್ಟುವುದಕ್ಕಿಂತ ಅದನ್ನು ಶುದ್ಧ ಮಾಡುವುದು ಅನೇಕ ಸಲ ದುಬಾರಿ. 1963ರಲ್ಲಿ ರಸಾಯನಶಾಸ್ತ್ರಜ್ಞ ಮೆರಿಫೀಲ್ಡ್ ತೋರಿಸಿದ ವಿಧಾನದಲ್ಲಿ ಅಮೈನೊ ಆಮ್ಲಗಳನ್ನು ಒಂದೊಂದಾಗಿ ಪೋಣಿಸುತ್ತಾರೆ. ಪ್ರತಿ ಸಲ ನೂರಕ್ಕೆ 99 ಸೇರಿದರೂ 30 ಜೋಡಣೆ ಮುಗಿಯುವ ಹೊತ್ತಿಗೆ ಪೂರ್ಣ ಸರಪಳಿ ನೂರಕ್ಕೆ ಸುಮಾರು 74. ಉಳಿದವು ಕೊಂಡಿ ತಪ್ಪಿದ, ಅಣ್ಣತಮ್ಮಂದಿರಂತೆ ಹೋಲುವ ಅಣುಗಳು. ಇವನ್ನು ಬೇರ್ಪಡಿಸಲು ಈಗಿನ ರೂಢಿಯೆಂದರೆ ಒತ್ತಡದಲ್ಲಿ ದ್ರಾವಣ ಹಾಯಿಸುವ, ಸಿಲಿಕಾ ತುಂಬಿದ ಎಚ್‌ಪಿಎಲ್‌ಸಿ ಕಾಲಮ್ ಮತ್ತು ಧಾರಾಳ ಅಸಿಟೋನೈಟ್ರೈಲ್ ದ್ರಾವಕ. ಆ ದ್ರಾವಕವೋ ಅಕ್ರಿಲೊನೈಟ್ರೈಲ್ ತಯಾರಿಕೆಯ ಉಪೋತ್ಪನ್ನ. 2008ರಲ್ಲಿ ಪ್ಲಾಸ್ಟಿಕ್ಕಿನ ಬೇಡಿಕೆ ಕುಸಿದು ಆ ತಯಾರಿಕೆ ಇಳಿದಾಗ ಜಗತ್ತಿನ ಲ್ಯಾಬುಗಳೆಲ್ಲ ಅದಕ್ಕಾಗಿ ಪರದಾಡಿದವು.

ಬೇಕಾದ ಅಣುವನ್ನೇ ಆರಿಸಿ ಹಿಡಿಯುವ ಅಫಿನಿಟಿ ಮಣಿ ಇದಕ್ಕೆ ಪರಿಹಾರ ಎಂದರೆ ತಿಳಿದವರು ತಕ್ಷಣ ಒಂದು ಪ್ರಶ್ನೆ ಎತ್ತುತ್ತಾರೆ: ಮಣಿ ಗುರುತಿಸುವುದು ನಾಲ್ಕೈದು ಅಮೈನೊ ಆಮ್ಲಗಳನ್ನು, ಬೇರೆಲ್ಲೋ ಕೊಂಡಿ ತಪ್ಪಿದ ಅಣುವೂ ಅದಕ್ಕೆ ಅಂಟುವುದಿಲ್ಲವೇ? ಅಂಟುತ್ತದೆ, ಆಕ್ಷೇಪ ಗಟ್ಟಿಯಾದದ್ದೇ. ಆದರೆ ಉತ್ತರ ಜೋಡಣೆಯ ಹಂತದಲ್ಲೇ ಇದೆ. ಪ್ರತಿ ಹಂತದಲ್ಲಿ ಸೇರದೆ ಉಳಿದ ತುದಿಗಳನ್ನು ಅಸಿಟಿಕ್ ಅನ್‌ಹೈಡ್ರೈಡ್‌ನಿಂದ ಮುಚ್ಚಿಬಿಟ್ಟರೆ, ಕೊನೆಗೆ ತೆರೆದ ತುದಿ ಇರುವುದು ಪೂರ್ಣ ಸರಪಳಿಗೆ ಮಾತ್ರ. ಗುರುತಿನ ಕೊಕ್ಕೆ ಹಾಕುವುದು ಅಲ್ಲಿಗೇ. ಮಣಿ ಹಿಡಿಯುವುದೂ ಅದನ್ನೇ. ಎಲ್ಲ ಕಲ್ಮಶಕ್ಕೂ ಇದು ಮದ್ದಲ್ಲ, ಕೊನೆಯ ಹದಕ್ಕೆ ಎಚ್‌ಪಿಎಲ್‌ಸಿ ಬೇಕೇ ಬೇಕು. ಆದರೆ ಅದರ ಮೇಲಿನ ಹೊರೆ ಇಳಿಯುತ್ತದೆ. ನಿಜವಾದ ಕಸುಬುಗಾರಿಕೆ ಇರುವುದು ಬಿಡಿಸುವುದರಲ್ಲಿ. ಬಯೋಟಿನ್ ಎಂಬ ಕೊಕ್ಕೆಗೂ ಅದನ್ನು ಹಿಡಿಯುವ ಸ್ಟ್ರೆಪ್ಟಾವಿಡಿನ್ ಪ್ರೋಟೀನಿಗೂ ಬೀಳುವ ಗಂಟು ಎಷ್ಟು ಬಿಗಿಯೆಂದರೆ, ಸೌಮ್ಯವಾಗಿ ಅದನ್ನು ಬಿಚ್ಚುವುದು ತೀರ ಕಷ್ಟ. ಆದ್ದರಿಂದ ಹಿಡಿತದ ಬಲವನ್ನಷ್ಟೇ ಹೊಗಳುವುದು ಅರ್ಧ ಮಾತು. ಕೊಕ್ಕೆಗೂ ಪೆಪ್ಟೈಡಿಗೂ ನಡುವಿನ ಕೊಂಡಿ ಮೃದು ರಾಸಾಯನಿಕಕ್ಕೇ ತುಂಡಾಗಬೇಕು, ಮಣಿ ಕ್ಷಾರದಲ್ಲಿ ತೊಳೆದು ಮತ್ತೆ ಮತ್ತೆ ಬಳಸುವಂತಿರಬೇಕು.

ಇಂಥದ್ದು ನಮ್ಮಲ್ಲಿ ಆಗದು ಎನ್ನುವವರಿಗೆ 1970ರ ದಶಕದ ಒಂದು ಕೆಲಸವನ್ನು ನೆನಪಿಸಬೇಕು. ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಅವಧೇಶ ಸುರೋಲಿಯಾ ಅವರಿದ್ದ ತಂಡ ಗೋರಿಕಾಯಿ ಜಾತಿಯ ಬೀಜದ ಅಂಟನ್ನೇ ಗಟ್ಟಿಮಾಡಿ, ಹರಳು ಬೀಜದ, ಸಕ್ಕರೆಗೆ ಅಂಟುವ ಪ್ರೋಟೀನುಗಳಾದ ಲೆಕ್ಟಿನ್‌ಗಳನ್ನು ಅದರಲ್ಲಿ ಹಿಡಿಯಿತು. ಆ ಅಂಟಿನಲ್ಲೇ ಲೆಕ್ಟಿನ್‌ಗೆ ಬೇಕಾದ ಗ್ಯಾಲಕ್ಟೋಸ್ ಎಂಬ ಸಕ್ಕರೆ ಇತ್ತು. ಆಮದಿನ ಮಣಿ ಬೇಕಾಗಲಿಲ್ಲ. ಇಂಥ ಮಣಿಯ ಅಗತ್ಯ ಈಗ ಇನ್ನೂ ಹೆಚ್ಚು: ಮಧುಮೇಹದ ಪೆಪ್ಟೈಡ್ ಮದ್ದಾದ ಸೆಮಾಗ್ಲುಟೈಡಿನ ಪೇಟೆಂಟ್ ಭಾರತದಲ್ಲಿ 2026ರ ಮಾರ್ಚಿಗೆ ಮುಗಿಯುವ ಲೆಕ್ಕದಲ್ಲಿ ಹಲವು ಕಂಪನಿಗಳು ಅದಕ್ಕೆ ಅಣಿಯಾದವು. ಮಧುಮೇಹಿಗಳ ಕೈಗೆ ಆ ಚುಚ್ಚುಮದ್ದು ಯಾವ ಬೆಲೆಗೆ ಸಿಗುತ್ತದೆ ಎಂಬುದರಲ್ಲಿ ಕಾಲಮ್ಮಿನೊಳಗಿನ ಮಣಿಯ ಪಾಲೂ ಇದೆ.