ಒಂದು ಟಿಕೇಟು, ಎರಡು ಊರು

ಪ್ರವಾಸಕ್ಕೆ ಹೊರಟವರಿಗೆ ಮುಟ್ಟಬೇಕಾದ ಊರಿನ ಮೇಲೆಯೇ ಕಣ್ಣು. ನಡುವೆ ಸಿಗುವ ಊರುಗಳು ಕಿಟಕಿಯಾಚೆ ಹಾದುಹೋಗುವ ಹೆಸರು ಹಲಗೆಗಳು ಮಾತ್ರ. ಕಾಲ್ನಡೆಯಲ್ಲಿಯೂ ಎತ್ತಿನ ಗಾಡಿಯಲ್ಲಿಯೂ ಹೋಗುತ್ತಿದ್ದ ನಮ್ಮ ಹಿರಿಯರಿಗೆ ಹಾಗಿರಲಿಲ್ಲ. ಕತ್ತಲಾದಲ್ಲಿ ತಂಗಬೇಕು, ತಂಗಿದಲ್ಲಿ ನಾಲ್ಕು ಮಂದಿಯ ಪರಿಚಯವಾಗಬೇಕು. ವೇಗ ಹೆಚ್ಚಿದಂತೆ ಈ ತಂಗುವ ಪದ್ಧತಿ ತಪ್ಪಿಹೋಯಿತು.

ಗಲ್ಫ್ ನಾಡುಗಳಲ್ಲೂ ಅದಕ್ಕಿಂತ ದೂರದಲ್ಲೂ ದುಡಿಯುತ್ತಿರುವ ನಮ್ಮ ಮಕ್ಕಳು ಇದನ್ನು ಬೇರೊಂದು ಹೆಸರಿನಿಂದ ಬಲ್ಲರು. ಹೊರದೇಶದ ವಿಮಾನಯಾನದಲ್ಲಿ ನಡುದಾರಿಯ ಊರಿನಲ್ಲಿ 24 ಗಂಟೆಗಳಿಗಿಂತ ಹೆಚ್ಚು ನಿಂತರೆ ಅದಕ್ಕೆ ‘ಸ್ಟಾಪ್‌ಓವರ್’ ಎನ್ನುತ್ತಾರೆ. ಅಮೆರಿಕೆಗೂ ಯೂರೋಪಿಗೂ ನಡುವೆ ಇರುವ ಐಸ್‌ಲ್ಯಾಂಡಿನ ವಿಮಾನ ಸಂಸ್ಥೆಯೊಂದು 1960ರ ದಶಕದಲ್ಲಿಯೇ ಪ್ರಯಾಣಿಕರನ್ನು ಹೀಗೆ ತನ್ನ ನಾಡಿನಲ್ಲಿ ಇಳಿಸಿಕೊಂಡು ಉಪಚರಿಸಿತು. ಪದೇ ಪದೇ ಹಾರುವವರ ಲೆಕ್ಕಕ್ಕೆ ಜಮೆಯಾಗುವ ‘ಪಾಯಿಂಟು’ಗಳಿಂದ ಟಿಕೇಟು ಪಡೆಯುವಾಗಲೂ ಕೆಲವು ಸಂಸ್ಥೆಗಳು ಈ ಅನುಕೂಲವನ್ನು ಕೊಡುತ್ತವೆ. ಒಂದು ಊರಿಗೆ ಸಲ್ಲಿಸಬೇಕಾದ ಪಾಯಿಂಟುಗಳಲ್ಲಿ ಎರಡು ಊರು ಕಂಡಂತಾಯಿತು. ನಿಯಮ ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ತಂಗುವ ನಾಡಿನ ವೀಸಾ ಬೇಕೇ ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು.

ವಿಮಾನ ಹತ್ತದವರಿಗೂ ಈ ಲಾಭ ಉಂಟೆಂಬುದು ಹಲವರಿಗೆ ತಿಳಿಯದು. ನಮ್ಮ ರೈಲ್ವೆಯಲ್ಲಿ ಇದಕ್ಕೆ ‘ಬ್ರೇಕ್ ಜರ್ನಿ’ ಎಂದು ಹೆಸರು. 500 ಕಿಲೋಮೀಟರಿಗಿಂತ ದೂರದ ಟಿಕೇಟು ಇದ್ದರೆ ದಾರಿಯಲ್ಲಿ ಇಳಿದು ಎರಡು ದಿನ ತಂಗಬಹುದು. ಇಳಿದ ದಿನವೂ ಹೊರಡುವ ದಿನವೂ ಈ ಎರಡರಲ್ಲಿ ಸೇರುವುದಿಲ್ಲ. 1000 ಕಿಲೋಮೀಟರಿನವರೆಗಿನ ಟಿಕೇಟಿಗೆ ಒಂದು ತಂಗುವಿಕೆ, ಅದನ್ನು ಮೀರಿದರೆ ಎರಡು. ಆದರೆ ಮೊದಲ 500 ಕಿಲೋಮೀಟರು ಕಳೆಯುವ ತನಕ ಇಳಿಯುವಂತಿಲ್ಲ. ರಾಜಧಾನಿ, ಶತಾಬ್ದಿ, ಜನಶತಾಬ್ದಿ ರೈಲುಗಳಿಗೆ ಈ ಸೌಕರ್ಯವಿಲ್ಲ.

ನಮ್ಮ ಜಿಲ್ಲೆಯವರಿಗೆ ಇದು ಹೇಗೆ ಒದಗುತ್ತದೆಂದು ನೋಡೋಣ. ಕಾಸರಗೋಡಿನಿಂದ ತಿರುವನಂತಪುರಕ್ಕೆ ರೈಲಿನ ಹಾದಿ 500 ಕಿಲೋಮೀಟರನ್ನು ಚೆನ್ನಾಗಿಯೇ ಮೀರುತ್ತದೆ. ಅದರಾಚೆ ಸುಮಾರು 87 ಕಿಲೋಮೀಟರಿಗೆ ಕನ್ಯಾಕುಮಾರಿ. ಆದ್ದರಿಂದ ಟಿಕೇಟನ್ನು ಕನ್ಯಾಕುಮಾರಿಗೆ ಕೊಂಡರೆ ತಿರುವನಂತಪುರದಲ್ಲಿ ಇಳಿದು ತಂಗಬಹುದು. ಬೇರೆ ಬೇರೆ ಎರಡು ಟಿಕೇಟು ಕೊಂಡರೆ ಹೆಚ್ಚು ತೆರಬೇಕಾಗುತ್ತದೆ. ದೂರ ಹೆಚ್ಚಿದಂತೆ ಕಿಲೋಮೀಟರಿಗೆ ಬೀಳುವ ದರ ಇಳಿಯುತ್ತದೆ. ಅದಲ್ಲದೆ ಸ್ಲೀಪರ್ ತರಗತಿಯಲ್ಲಿ 87 ಕಿಲೋಮೀಟರಿಗೂ 200 ಕಿಲೋಮೀಟರಿನ ದರವನ್ನೇ ಹಿಡಿಯುತ್ತಾರೆ.

ಶಾಲೆಯ ಕಾಗದಪತ್ರಗಳನ್ನು ಹಿಡಿದುಕೊಂಡು ನಾವು ಹಲವು ಬಾರಿ ರಾಜಧಾನಿಗೆ ಹೋಗಿದ್ದೇವೆ. ರಾತ್ರಿಯ ರೈಲು, ಹಗಲೆಲ್ಲ ಕಚೇರಿಯ ಬೆಂಚು, ಮರಳಿ ರಾತ್ರಿಯ ರೈಲು. ಗಡಿನಾಡ ಕನ್ನಡಿಗರಲ್ಲಿ ಬಹುಮಂದಿಗೆ ತಿರುವನಂತಪುರವೆಂದರೆ ಇಷ್ಟೇ: ಅರ್ಜಿ ಕೊಡುವ ಊರು. ಎರಡು ದಿನ ತಂಗಿ ನೋಡಿದಾಗ ಆ ಊರಿನಲ್ಲಿ ನಮ್ಮ ನೆಲದ ಗುರುತು ಕಾಣಿಸಿತು.

ಕುಂಬಳೆಯ ಬಳಿಯ ಅನಂತಪುರದ ಸರೋವರ ಕ್ಷೇತ್ರವನ್ನು ಅರಿಯದವರು ನಮ್ಮಲ್ಲಿಲ್ಲ. 2022ರ ಅಕ್ಟೋಬರದಲ್ಲಿ ಕಾಲವಾದ ಮೊಸಳೆ ಬಬಿಯಾಳಿಂದಾಗಿ ಅದರ ಹೆಸರು ದೇಶವೆಲ್ಲ ಕೇಳಿಸಿತು. ತಿರುವನಂತಪುರದ ಪದ್ಮನಾಭಸ್ವಾಮಿಗೆ ಈ ಅನಂತಪುರವೇ ಮೂಲಸ್ಥಾನವೆಂಬುದು ಎರಡೂ ಕಡೆಯವರ ನಂಬಿಕೆ. ಬಿಲ್ವಮಂಗಲ ಸ್ವಾಮಿಗಳ ಕೈತಪ್ಪಿಸಿಕೊಂಡ ಬಾಲಕ ಇಲ್ಲಿಯ ಗುಹೆಯಲ್ಲಿ ಮರೆಯಾಗಿ ಅಲ್ಲಿ ಅನಂತಶಯನನಾಗಿ ಕಾಣಿಸಿಕೊಂಡನೆಂಬ ಕಥೆಯನ್ನು ಅಜ್ಜಿಯಂದಿರು ಹೇಳುತ್ತ ಬಂದಿದ್ದಾರೆ. ಕಥೆಯನ್ನು ಬದಿಗಿಟ್ಟರೂ ಬಳಕೆ ಸುಳ್ಳಲ್ಲ. ತುಳುನಾಡಿನಿಂದ ಹೋಗಿ ಆ ದೇವಾಲಯದ ಪೂಜಾಕಾರ್ಯಕ್ಕೆ ನಿಂತ ಮನೆತನದವರನ್ನು ಅಲ್ಲಿ ಪೋತ್ತಿಗಳೆಂದು ಕರೆಯುತ್ತಾರೆ. ಅವರಲ್ಲಿ ಅಕ್ಕರೆ ದೇಶಿ, ಇಕ್ಕರೆ ದೇಶಿ ಎಂಬ ವಿಭಾಗವಿದೆ. ಆ ‘ಕರೆ’ ನಮ್ಮ ಚಂದ್ರಗಿರಿ ಹೊಳೆಯ ದಡ! ನಮ್ಮ ಹೊಳೆಯ ಎರಡು ದಡಗಳು ಅಷ್ಟು ದೂರದ ದೇವಾಲಯದಲ್ಲಿ ಜನರ ಹೆಸರಾಗಿ ಉಳಿದಿವೆ. ದರ್ಶನಕ್ಕೆ ಹೋಗುವ ಗಂಡಸರು ಪಂಚೆಯನ್ನೂ ಹೆಂಗಸರು ಸೀರೆಯನ್ನೂ ಒಯ್ಯಲು ಮರೆಯಬಾರದು.

ತಂಗಿದ ಎರಡನೆಯ ದಿನ ಬಸ್ಸಿನಲ್ಲಿ ತಕ್ಕಲೆಯ ಬಳಿಯ ಪದ್ಮನಾಭಪುರಕ್ಕೆ ಹೋಗಿ ಬರಬಹುದು. ತಿರುವನಂತಪುರ ರಾಜಧಾನಿಯಾಗುವ ಮೊದಲು ತಿರುವಿದಾಂಕೂರಿನ ಅರಸರು ಆಳುತ್ತಿದ್ದುದು ಇಲ್ಲಿಂದ. ಮರದ ಕೆತ್ತನೆಯೂ ಕನ್ನಡಿಯಂತೆ ಹೊಳೆಯುವ ಕರಿಯ ನೆಲವೂ ನೋಡತಕ್ಕವು. ಸೋಮವಾರ ಬಾಗಿಲು ಮುಚ್ಚಿರುತ್ತದೆ. ವಿಶೇಷವೆಂದರೆ ಈ ಅರಮನೆ ಇರುವುದು ತಮಿಳುನಾಡಿನ ನೆಲದಲ್ಲಿ, ನೋಡಿಕೊಳ್ಳುವುದು ಕೇರಳದ ಪುರಾತತ್ತ್ವ ಇಲಾಖೆ.

ಇದಕ್ಕೆ ಕಾರಣವಾದ ದಿನ ನಮಗೆ ಚೆನ್ನಾಗಿ ನೆನಪಿರುವ ದಿನವೇ: 1956ರ ನವೆಂಬರ 1. ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ ಅದೇ ದಿನ ತಿರುವಿದಾಂಕೂರಿನ ತೋವಾಳ, ಅಗಸ್ತೀಶ್ವರ, ಕಲ್ಕುಳ, ವಿಳವಂಕೋಡು ತಾಲೂಕುಗಳು ಆಗಿನ ಮದರಾಸು ರಾಜ್ಯಕ್ಕೆ ಹೋಗಿ ಕನ್ಯಾಕುಮಾರಿ ಜಿಲ್ಲೆಯಾದವು. ನಮ್ಮಲ್ಲಿ ಮನೆಯೊಳಗೆ ಕನ್ನಡ, ತುಳು, ಕಚೇರಿಯಲ್ಲಿ ಮಲೆಯಾಳ. ಆ ಜಿಲ್ಲೆಯಲ್ಲಿ ಮನೆಯೊಳಗೆ ಮಲೆಯಾಳ, ಕಚೇರಿಯಲ್ಲಿ ತಮಿಳು ಎನ್ನುವ ಕುಟುಂಬಗಳಿವೆ. ನಮ್ಮ ಪಾಡು ನಮಗೊಬ್ಬರಿಗೇ ಎಂದು ತಿಳಿದಿರುವವರು ಆ ನೆಲದಲ್ಲಿ ನಿಂತು ನೋಡಬೇಕು. ನೇರವಾಗಿ ಕನ್ಯಾಕುಮಾರಿಗೆ ಹೋಗಿ ವಿವೇಕಾನಂದ ಬಂಡೆಯನ್ನೂ ಸೂರ್ಯೋದಯವನ್ನೂ ಕಂಡು ಮರಳಿದವರಿಗೆ ಇದು ತಿಳಿಯುವಂತಿಲ್ಲ. ಶಾಲಾಮಕ್ಕಳನ್ನು ಕರೆದೊಯ್ಯುವ ಅಧ್ಯಾಪಕರು ಇದನ್ನು ಗಮನಿಸಬೇಕೆಂದು ನಮ್ಮ ಬಿನ್ನಹ. ಭೂಪಟದಲ್ಲಿ ಗೆರೆ ಎಳೆದು ಕಲಿಸುವ ಪಾಠವನ್ನು ಮಕ್ಕಳು ಅಲ್ಲಿ ಕಿವಿಯಾರೆ ಕೇಳಬಹುದು.

ಹೊರಡುವವರಿಗೆ ಒಂದೆರಡು ಸೂಚನೆಗಳು. ನಡುವೆ ತಂಗುವ ಇಚ್ಛೆಯನ್ನು ನಿಲ್ದಾಣದಲ್ಲಿ ಟಿಕೇಟು ಕೊಳ್ಳುವಾಗಲೇ ಹೇಳಿ, ಮುಂದಿನ ರೈಲಿನ ಸೀಟಿನ ವಿಚಾರವನ್ನೂ ಕೇಳಿಕೊಳ್ಳುವುದು ಕ್ಷೇಮ. ಇಳಿದೊಡನೆ ಟಿಕೇಟಿಗೆ ನಿಲ್ದಾಣದ ಗುರುತನ್ನೂ ತಾರೀಕನ್ನೂ ಬರೆಯಿಸಿ ಸಹಿ ಹಾಕಿಸಬೇಕು. ಶುಕ್ರವಾರ ಇಳಿದರೆ ಶನಿವಾರ, ಆದಿತ್ಯವಾರ ನಿಮ್ಮವು. ಸೋಮವಾರ ಮುಂದಕ್ಕೆ ಹೊರಡಬಹುದು. ಇನ್ನೂ ದೂರ ಸುತ್ತುವ ಮನಸ್ಸಿರುವವರಿಗೆ ಹೊರಟ ನಿಲ್ದಾಣಕ್ಕೇ ಮರಳುವ ‘ಸರ್ಕ್ಯುಲರ್ ಜರ್ನಿ’ ಟಿಕೇಟಿದೆ. ಅದರಲ್ಲಿ ಎಂಟು ಕಡೆ ತಂಗಬಹುದು. ಒಟ್ಟು ದೂರವನ್ನು ಎರಡು ಸಮಪಾಲು ಮಾಡಿ, ಎರಡು ಪ್ರಯಾಣಗಳೆಂದು ದರ ಕಟ್ಟುತ್ತಾರೆ. ಕೊಂಕಣದ ಹಾದಿಯಲ್ಲಿ ಮುಂಬಯಿಗೆ ಹೋಗಿ, ಸೊಲ್ಲಾಪುರ, ಕಲಬುರಗಿ, ಬೆಂಗಳೂರು, ಹಾಸನ, ಮಂಗಳೂರುಗಳ ಮೇಲೆ ಊರು ಸೇರುವ ಸುತ್ತೊಂದನ್ನು ಹೀಗೆ ಯೋಜಿಸಬಹುದು.

ಕೊನೆಯದಾಗಿ, ಈ ನಿಯಮ ತೆಂಕಣದಿಂದ ಬರುವವರಿಗೂ ಸಲ್ಲುತ್ತದೆ. ಕನ್ಯಾಕುಮಾರಿಯಿಂದಲೋ ತಿರುವನಂತಪುರದಿಂದಲೋ ಮಂಗಳೂರಿಗೆ ಟಿಕೇಟು ಕೊಂಡವರು ಕಾಸರಗೋಡಿನಲ್ಲಿ ಇಳಿದು ಎರಡು ದಿನ ಇರಬಹುದು. 1907ರಲ್ಲಿ ಮಂಗಳೂರನ್ನು ಮುಟ್ಟಿದ ಈ ಹಳಿಯ ಮೇಲೆ ನಮ್ಮೂರನ್ನು ಕಿಟಕಿಯಿಂದ ಕಂಡು ಹೋದವರಿಗೆ ಲೆಕ್ಕವಿಲ್ಲ. ಇಕ್ಕೇರಿಯ ಶಿವಪ್ಪನಾಯಕ ಕಟ್ಟಿಸಿದ ಬೇಕಲ ಕೋಟೆಯನ್ನು, ಅನಂತಪುರದ ಕೆರೆಯನ್ನು, ಚಂದ್ರಗಿರಿಯ ಎರಡು ದಡಗಳನ್ನು ಅವರಿಗೆ ತೋರಿಸುವವರು ನಾವಲ್ಲದೆ ಮತ್ತಾರು? ಮುಂದಿನ ಸಲ ಆ ಕಡೆಯ ಬಂಧುಗಳಿಗೋ ಸ್ನೇಹಿತರಿಗೋ ಕಾಗದ ಬರೆಯುವಾಗ ಈ ಎರಡು ದಿನಗಳ ವಿಚಾರವನ್ನೂ ಒಂದು ಸಾಲು ಬರೆಯಿರಿ.